ಬೇಗಾರಿನ ಸೀಮೆ: ಬಂದವರು, ಹೋದವರು

2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯು ಹಿಂದಿನ ದಶಕಕ್ಕಿಂತ ಶೇ. 15.6ರಷ್ಟು ಏರಿತು. ಅದೇ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. 2,944 ಜನರ ಇಳಿಕೆ ಅಲ್ಪವೆನಿಸಬಹುದು. ಆದರೆ ರಾಜ್ಯದಲ್ಲಿ ಹೀಗೆ ಇಳಿದ ಜಿಲ್ಲೆ ಇದೊಂದೇ. ಈ ಅಂಕಿಯನ್ನು ಮುಂದಿಟ್ಟು 'ಮೂಲನಿವಾಸಿಗಳು ಕರಗುತ್ತಿದ್ದಾರೆ, ಹೊರಗಿನವರು ತುಂಬುತ್ತಿದ್ದಾರೆ' ಎಂದು ಹೇಳುವವರಿದ್ದಾರೆ. ಶೃಂಗೇರಿ ತಾಲ್ಲೂಕಿನ ಬೇಗಾರಿನ ಸುತ್ತಣ ಚರಿತ್ರೆಯನ್ನು ಬಲ್ಲವರಿಗೆ ಈ ಮಾತು ಸಲೀಸಾಗಿ ಗಂಟಲಲ್ಲಿ ಇಳಿಯದು.

ಇಲ್ಲಿ 'ಮೂಲ' ಎಂಬುದನ್ನು ಎಲ್ಲಿಂದ ಎಣಿಸಬೇಕು? ಕಿಗ್ಗದ ಶಾಸನಗಳು ಪೊಂಬುಚ್ಚವನ್ನಾಳುತ್ತಿದ್ದ ಆಳುಪ ಚಿತ್ರವಾಹನನನ್ನು ಹೆಸರಿಸುತ್ತವೆ. ಅಂದರೆ ತುಳುನಾಡಿನ ಅರಸುಮನೆತನವೊಂದು ಏಳನೆಯ ಶತಮಾನದ ಕೊನೆಯ ವೇಳೆಗಾಗಲೇ ಘಟ್ಟದ ಮೇಲಿತ್ತು. ಶೃಂಗೇರಿಯ ಪಾರ್ಶ್ವನಾಥ ಬಸದಿ ಹನ್ನೆರಡನೆಯ ಶತಮಾನದ್ದು, ಮಾರಿಸೆಟ್ಟಿ ಎಂಬ ವರ್ತಕನ ನೆನಪಿಗೆ ಕಟ್ಟಿಸಿದ್ದು. ವರ್ತಕರು ಬಂದ ದಾರಿಯಲ್ಲೇ ಬಸದಿಯೂ ಬಂದಿತೆನ್ನಬೇಕು. 1346ರಲ್ಲಿ ಹರಿಹರ ಮತ್ತವನ ಸೋದರರು ಭಾರತೀತೀರ್ಥರಿಗೂ ನಲವತ್ತು ಬ್ರಾಹ್ಮಣರಿಗೂ ಭೂಮಿ ಬಿಟ್ಟರು. ದತ್ತಿಯೆಂದರೆ ಧರ್ಮಕಾರ್ಯ ಮಾತ್ರವಲ್ಲ. ಅದು ಒಕ್ಕಲನ್ನು ನೆಲೆಗೊಳಿಸುವ ಉಪಾಯವೂ ಹೌದು. ಹಸಲರು, ಗೌಡಲು, ಮಲೆಕುಡಿಯರು ಇವರೆಲ್ಲರಿಗಿಂತ ಹಿಂದಿನವರಾಗಿರಬಹುದಾದರೂ ಅವರಿಗೆ ಶಾಸನ ಬರೆಸುವ ಅಧಿಕಾರವಿರಲಿಲ್ಲ. 'ಮೂಲನಿವಾಸಿ' ಎಂಬ ಮಾತನ್ನಾಡುವಾಗ ಅವರು ನೆನಪಾಗದಿರುವುದು ವಿಪರ್ಯಾಸ.

ಮಲೆನಾಡಿನ ಜನಸಂಖ್ಯೆ ಕುಗ್ಗಿದ್ದು ಇದೇ ಮೊದಲಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮಲೇರಿಯ ಈ ಸೀಮೆಯನ್ನು ಬರಿದುಮಾಡುತ್ತಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–18) ಮಲೆನಾಡು ಸುಧಾರಣೆಯ ಯೋಜನೆ ರೂಪುಗೊಂಡದ್ದರ ಹಿಂದೆ ಆ ಆತಂಕವಿದೆ. ಎಡೇಹಳ್ಳಿಯು 1915ರಲ್ಲಿ ನರಸಿಂಹರಾಜಪುರವಾದದ್ದೂ ತರೀಕೆರೆಯಿಂದ ಅಲ್ಲಿಗೆ ಕಿರಿಯ ಹಳಿಯ ರೈಲು ಓಡಿದ್ದೂ ಆ ಯುಗದ ಉತ್ಸಾಹಗಳು. ಅಡಕೆ ಕೊಯ್ಯುವ, ಕಾಫಿ ಹಣ್ಣು ಬಿಡಿಸುವ ಕೈಗಳು ಮಾತ್ರ ಘಟ್ಟದ ಕೆಳಗಿನಿಂದಲೇ ಬರಬೇಕಿತ್ತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಜಾತಿವೈವಿಧ್ಯವನ್ನು ನೆನೆಯಿರಿ; ಅದು ಕಲ್ಪನೆಯ ವೈಭವವಲ್ಲ, ನೆರೆಯ ತೀರ್ಥಹಳ್ಳಿ ಸೀಮೆಯ ಸಾಮಾಜಿಕ ದಾಖಲೆ.

ಸ್ವಾತಂತ್ರ್ಯಾನಂತರ ಡಿಡಿಟಿ ಸಿಂಪಡಣೆಯಿಂದ ಜ್ವರ ಹಿಂಜರಿಯಿತು, ಕಾಡು ತೆರೆಯಿತು. ಕೇರಳದ ಸಿರಿಯನ್ ಕ್ರೈಸ್ತ ಕೃಷಿಕರು ನರಸಿಂಹರಾಜಪುರ, ಕೊಪ್ಪದ ಕಡೆ ಬಂದು ರಬ್ಬರು, ಮೆಣಸು, ಶುಂಠಿ ಬೆಳೆದರು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಸಿರೋ ಮಲಬಾರ್ ವಿಶ್ವಾಸಿಗಳಿಗಾಗಿ 2007ರಲ್ಲಿ ಭದ್ರಾವತಿ ಧರ್ಮಪ್ರಾಂತವೇ ಸ್ಥಾಪಿತವಾದದ್ದು ಈ ವಲಸೆ ಬೇರೂರಿದ್ದಕ್ಕೆ ಸಾಕ್ಷಿ. ಅದೇ ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಗೆ ದೂರದೂರದ ಯಾತ್ರಿಕರು ಇಂದಿಗೂ ಬರುತ್ತಾರೆ. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿಸಿತು. ಗೇಣಿಚೀಟಿಯೇ ಇಲ್ಲದ ಕೂಲಿಯಾಳಿಗೆ ಅದರಿಂದ ಸಿಕ್ಕಿದ್ದು ತೀರ ಕಡಿಮೆ.

ಹಾಗಾದರೆ 2011ರಲ್ಲಿ ಸಂಖ್ಯೆ ಇಳಿದದ್ದೇಕೆ? ಬಂದವರಿಂದಲ್ಲ, ಹೋದವರಿಂದ. ಅಡಕೆಗೆ ತಗುಲಿದ ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪಗಳ ತೋಟಗಳನ್ನು ನಿಸ್ಸಾರಗೊಳಿಸಿತು. 2005ರ ಕೊನೆಗೆ ಕುದುರೆಮುಖದ ಗಣಿ ನಿಂತು ಅಲ್ಲಿನ ವಸತಿ ಬರಿದಾಯಿತು. ಓದಿದ ಮಕ್ಕಳು ಬೆಂಗಳೂರಿಗೆ ನಡೆದರು, ಮನೆಗಳಲ್ಲಿ ಹೆರಿಗೆಗಳು ಕಡಿಮೆಯಾದವು. ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 2001ರಲ್ಲಿ 984 ಹೆಂಗಸರಿದ್ದರೆ 2011ರಲ್ಲಿ 1008 ಆದರು. ಊರಲ್ಲಿ ಉಳಿದವರು ಯಾರೆಂಬುದಕ್ಕೆ ಈ ಅಂಕಿಯಲ್ಲೇ ಸುಳಿವಿದೆ.

ತೆರವಾದ ಜಾಗಕ್ಕೆ ಈಗ ಅಸ್ಸಾಮಿನ ಕಾರ್ಮಿಕರು ಬಂದಿದ್ದಾರೆ. ತೋಟದ ಲೈನುಮನೆಗಳಲ್ಲಿ ತುಳು, ತಮಿಳುಗಳ ಜೊತೆಗೆ ಅಸ್ಸಾಮಿಯೂ ಕೇಳಿಸುತ್ತದೆ. 2021ರಲ್ಲಿ ಗಣತಿ ನಡೆಯದ ಕಾರಣ ಅವರಲ್ಲಿ ಹೆಚ್ಚಿನವರ ಲೆಕ್ಕ 2011ರ ಮಾತೃಭಾಷಾ ಕೋಷ್ಟಕದಲ್ಲಿಲ್ಲ.