ನೆಗಡಿಯೂ ಮನೆಯ ಕಷಾಯವೂ

ಸೋನೆ ಹಿಡಿದ ಆಷಾಢದಲ್ಲಾಗಲಿ, ಮಂಜು ಕವಿದ ಮಾರ್ಗಶಿರದಲ್ಲಾಗಲಿ, ಮನೆಯಲ್ಲಿ ಒಬ್ಬರು ಸೀನಿದರೆ ಸಾಕು, ಎರಡು ದಿನ ಕಳೆಯುವುದರೊಳಗೆ ಇನ್ನಿಬ್ಬರು ಸೀನತೊಡಗುತ್ತಾರೆ. ನೆಗಡಿಗೆ ಬಡವ ಬಲ್ಲಿದರೆಂಬ ಭೇದವಿಲ್ಲ. ಪ್ರಾಣ ತೆಗೆಯುವ ರೋಗವಲ್ಲವೆಂದು ಅದಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ. ಬಂದಾಗ ಮಾತ್ರ ಪಂಡಿತನಿಗೂ ಕೈಯಲ್ಲಿರುವ ಪುಸ್ತಕದ ಅಕ್ಷರ ಕಾಣಿಸದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದೆಂಬ ಗಾದೆ ಹುಟ್ಟಬೇಕಾದರೆ, ಕೊಯ್ದುಕೊಂಡರೇನು ಎನ್ನುವಷ್ಟು ಬೇಸರ ನಮ್ಮ ಹಿರಿಯರಿಗೂ ಆಗಿದ್ದಿರಬೇಕು.

ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಮೊದಲು ಒಲೆಯ ಮೇಲೇರುವುದು ಕಷಾಯ. ಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಒಣಶುಂಠಿ, ನಾಲ್ಕು ತುಳಸಿ ದಳ, ಒಂದು ಚೂರು ಬೆಲ್ಲ. ಇದೆಲ್ಲ ಎಂದಿನಿಂದ ಬಂದದ್ದು ಎಂದು ಕೇಳಿದರೆ, "ಅನಾದಿಕಾಲದಿಂದ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ವಾಸ್ತವವಾಗಿ ಆ ಲೋಟದೊಳಗಿನ ಒಂದೊಂದು ವಸ್ತುವಿಗೂ ಬೇರೆ ಬೇರೆ ವಯಸ್ಸು, ಬೇರೆ ಬೇರೆ ಊರು. ನಮ್ಮ ಕಷಾಯ ಕಾಲಕಾಲಕ್ಕೆ ಕೆಲವನ್ನು ಸೇರಿಸಿಕೊಂಡು, ಕೆಲವನ್ನು ಹೊರಗಿಟ್ಟು ಬೆಳೆದದ್ದು. ಆ ಚರಿತ್ರೆಯನ್ನು ತಿಳಿದರೆ, ಅದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಬರುವುದೆಂದು ನನ್ನ ನಂಬಿಕೆ.

ಮೊದಲು ಗ್ರಂಥಗಳ ಮಾತು. ಸಂಸ್ಕೃತ ವೈದ್ಯದಲ್ಲಿ ನೆಗಡಿಗೆ ಪ್ರತಿಶ್ಯಾಯವೆಂದು ಹೆಸರು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಶುಂಠಿ, ಮೆಣಸು, ಹಿಪ್ಪಲಿ ಈ ಮೂರು ಸೇರಿದರೆ ತ್ರಿಕಟು. ಕಫವನ್ನು ಕರಗಿಸುವ ಮದ್ದುಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ವೈದ್ಯವನ್ನು ಕನ್ನಡದಲ್ಲಿ ಹೇಳುವ ಕೆಲಸವೂ ನಮ್ಮಲ್ಲಿ ಬಹಳ ಹಿಂದೆಯೇ ಮೊದಲಾಯಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಹೊತ್ತಿಗೆ, ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವನ್ನು ಬರೆದನು. ಹೆಸರೇ ಹೇಳುವಂತೆ ಅದು ಲೋಕದ ಜನರಿಗೆ ಬೇಕಾದ ಗ್ರಂಥ. ಬಾವಿಗೆ ನೀರು ಹುಡುಕುವುದರಿಂದ ಹಿಡಿದು ಗಿಡಮರಗಳ ಆರೈಕೆ, ಅಡಿಗೆ, ಔಷಧಗಳವರೆಗೆ ಎಲ್ಲವೂ ಅದರಲ್ಲಿವೆ. ಅಡಿಗೆಯೂ ಔಷಧವೂ ಒಂದೇ ಗ್ರಂಥದಲ್ಲಿ ಕುಳಿತಿರುವುದನ್ನು ಗಮನಿಸಬೇಕು. ಮುಂದಿನ ಶತಮಾನದಲ್ಲಿ ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವನ್ನು ಬರೆದನು. ಕೀರ್ತಿವರ್ಮನು ಹಸುಗಳ ರೋಗಗಳಿಗೆ 'ಗೋವೈದ್ಯ'ವನ್ನು ರಚಿಸಿದನು. ಸಂಸ್ಕೃತ ಬಲ್ಲ ವೈದ್ಯನಿಗೆ ಕನ್ನಡ ಗ್ರಂಥ ಬೇಕಿರಲಿಲ್ಲ. ಇವರು ಕನ್ನಡದಲ್ಲಿ ಬರೆದದ್ದು ಗೃಹಸ್ಥನ ಕೈಗೆ ಆ ತಿಳಿವಳಿಕೆ ಸಿಗಲೆಂದು.

ಇನ್ನು ಕಷಾಯದ ಮುಖ್ಯ ಪಾತ್ರವಾದ ಮೆಣಸಿನ ಕಡೆಗೆ ಬರೋಣ. ಇದು ನಮ್ಮ ಸಹ್ಯಾದ್ರಿಯ ಬಳ್ಳಿ. ಇದರ ಪ್ರಯಾಣ ಮಾತ್ರ ಜಗದ್ವಿಖ್ಯಾತ. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಈಜಿಪ್ಟಿನ ದೊರೆ ಎರಡನೆಯ ರಾಮೆಸೆಸನ ಒಣಗಿಸಿಟ್ಟ ದೇಹದ ಮೂಗಿನಲ್ಲಿ ಮೆಣಸಿನ ಕಾಳುಗಳು ಸಿಕ್ಕಿವೆ. ಅದು ನೆಗಡಿಗಾಗಿ ಹಾಕಿದ್ದಲ್ಲ, ದೇಹವನ್ನು ಕೆಡದಂತೆ ಕಾಪಾಡುವ ಸಂಸ್ಕಾರಕ್ಕಾಗಿ. ಆದರೂ ಮೂಗಿಗೂ ಮೆಣಸಿಗೂ ಎಷ್ಟು ಹಳೆಯ ನಂಟು ನೋಡಿ! ಕ್ರಿ.ಶ. 408ರಲ್ಲಿ ರೋಮ್ ನಗರವನ್ನು ಮುತ್ತಿದ ಅಲಾರಿಕನೆಂಬ ಗೋಥರ ದೊರೆ, ಬಿಡುಗಡೆಯ ಬೆಲೆಯಾಗಿ ಚಿನ್ನ ಬೆಳ್ಳಿಯ ಜೊತೆಗೆ 3000 ಪೌಂಡು ಮೆಣಸನ್ನೂ ಕೇಳಿದನು. ಹಿಪ್ಪಲಿಯ ಸಂಸ್ಕೃತ ಹೆಸರಾದ ಪಿಪ್ಪಲಿಯೇ ಗ್ರೀಕರ ಬಾಯಲ್ಲಿ ಪೆಪೆರಿಯಾಗಿ, ಕೊನೆಗೆ ಇಂಗ್ಲಿಷಿನ ಪೆಪ್ಪರ್ ಆಯಿತು. ಅದು ಹೊರಟದ್ದು ಹಿಪ್ಪಲಿಯ ಹೆಸರಾಗಿ, ಹೋಗಿ ಕುಳಿತದ್ದು ಮೆಣಸಿನ ಮೇಲೆ.

ಈ ಮೆಣಸಿನ ಮೂಲವನ್ನು ಅರಸಿಯೇ ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದನು. ಅವನ ಹಿಂದೆ ಬಂದ ಪೋರ್ಚುಗೀಸರು ನಮ್ಮ ಹೊನ್ನಾವರ, ಭಟ್ಕಳಗಳ ಮೇಲೂ ಕಣ್ಣಿಟ್ಟರು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಅವರು 'ಮೆಣಸಿನ ರಾಣಿ' ಎಂದೇ ಕರೆದರು. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದ ಕಾಳಿಗಾಗಿ ಸಮುದ್ರದ ಮೇಲೆ ಫಿರಂಗಿಗಳು ಗುಡುಗಿದವು.

ಮೆಣಸನ್ನು ಒಯ್ಯಬಂದವರ ಹಡಗುಗಳಲ್ಲೇ ಅಮೆರಿಕ ಖಂಡದ ಹೊಸ ಕಾಯಿಯೊಂದು ನಮ್ಮ ನಾಡಿಗೆ ಬಂದಿಳಿಯಿತು. ಅದೇ ಮೆಣಸಿನಕಾಯಿ. ಅದಕ್ಕೆ ಇಲ್ಲಿ ಸ್ವಂತ ಹೆಸರಿರಲಿಲ್ಲ. ಮೆಣಸಿನಂತೆ ಖಾರವಾದ ಕಾಯಿ ಎಂದು ಜನ ಕರೆದರು. ಹಿತ್ತಿಲಲ್ಲೇ ಬೆಳೆಯುವ, ಅಗ್ಗವಾದ ಈ ಕಾಯಿ ಕೆಲವು ತಲೆಮಾರುಗಳಲ್ಲಿ ಅಡಿಗೆಮನೆಯ ಒಡೆತನವನ್ನೇ ಹಿಡಿಯಿತು. ಕೊನೆಗೆ ಹೆಸರಿನ ಒಡೆಯನೇ ವಿಶೇಷಣ ಹಚ್ಚಿಕೊಳ್ಳಬೇಕಾಯಿತು: ಕರಿಮೆಣಸು, ಕಾಳುಮೆಣಸು. ದಕ್ಷಿಣ ಕನ್ನಡದ ಕಡೆಯಲ್ಲಂತೂ ಬರಿಯ 'ಮೆಣಸು' ಎಂದರೆ ಮೆಣಸಿನಕಾಯಿ. ಹಳೆಯ ಮೆಣಸು 'ಒಳ್ಳೆಮೆಣಸು'. ಹೆಸರು ಕಳೆದುಕೊಂಡರೂ ಒಳ್ಳೆಯತನ ಅದರ ಪಾಲಿಗೇ ಉಳಿಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾಗ ಸಾರಿಗೆ ಬ್ಯಾಡಗಿ ಮೆಣಸಿನಕಾಯಿ ಬೀಳುತ್ತದೆ, ಟೊಮೇಟೊ ಬೀಳುತ್ತದೆ. ಟೊಮೇಟೊ ಕೂಡ ಅಮೆರಿಕದ್ದೇ. ನೆಗಡಿ ಜ್ವರ ಬಂದ ದಿನ ಮಾತ್ರ ಇವೆರಡೂ ಹೊರಗೆ. ಹುಣಿಸೆಯ ತಿಳಿನೀರು, ಮೆಣಸು, ಜೀರಿಗೆ, ಕರಿಬೇವು, ತುಪ್ಪದ ಒಗ್ಗರಣೆ ಇಷ್ಟರಿಂದಲೇ ಮೆಣಸಿನ ಸಾರು ಸಿದ್ಧವಾಗುತ್ತದೆ. ಇದನ್ನು ಮಾಡುವ ಗೃಹಿಣಿಗೆ ಚರಿತ್ರೆಯ ಪರಿವೆ ಇರಬೇಕಾಗಿಲ್ಲ. ಆದರೆ ಆ ದಿನ ಅವಳ ಅಡಿಗೆಮನೆ ಐನೂರು ವರ್ಷ ಹಿಂದಕ್ಕೆ ಹೋಗಿರುತ್ತದೆ. ಚಾವುಂಡರಾಯನ ಕಾಲದವರು ಮೆಣಸಿನಕಾಯಿಯನ್ನು ಕಂಡವರಲ್ಲ. ಅವರು ಇಂದು ನಮ್ಮ ಮನೆಗೆ ಬಂದರೆ, ಮಿಕ್ಕ ದಿನಗಳ ಸಾರು ಅವರಿಗೆ ಪರಕೀಯವೆನಿಸಬಹುದು; ರೋಗಿಯ ಸಾರು ಪರಿಚಿತವೆನಿಸೀತು.

ಹಾಗೆಂದು ಹೊಸದೆಲ್ಲವನ್ನೂ ನಮ್ಮವರು ಹೊರಗಿಟ್ಟರೆಂದಲ್ಲ. ಮೂಗು ಕಟ್ಟಿದಾಗ ಕರವಸ್ತ್ರಕ್ಕೆ ಎರಡು ತೊಟ್ಟು ಹಾಕಿಕೊಳ್ಳುವ ನೀಲಗಿರಿ ಎಣ್ಣೆಯನ್ನೇ ನೋಡಿ. ಅದರ ಮರ ಆಸ್ಟ್ರೇಲಿಯಾದ್ದು. ನೀಲಗಿರಿ ಬೆಟ್ಟಗಳಲ್ಲಿ ಅದನ್ನು ನೆಡತೊಡಗಿದ್ದು 1843ರ ಸುಮಾರಿಗೆ. ಮೆಣಸಿನಕಾಯಿ ನಮ್ಮ ಕಾಳಿನ ಹೆಸರನ್ನು ತೆಗೆದುಕೊಂಡರೆ, ಈ ಮರ ನಮ್ಮ ಬೆಟ್ಟದ ಹೆಸರನ್ನೇ ತೆಗೆದುಕೊಂಡಿತು. ಇಂದು ಅದು ಪರದೇಶಿಯೆಂದರೆ ನಂಬುವವರು ಕಡಿಮೆ. ಕಷಾಯಕ್ಕೆ ಹಾಕುವ ಲವಂಗವೂ ಇಂಡೋನೇಷ್ಯದ ದ್ವೀಪಗಳಿಂದ ಬಂದದ್ದು. ಉಪಯೋಗ ಕಂಡದ್ದನ್ನು ಊರು ಕೇಳದೆ ಒಳಗೆ ಕರೆದುಕೊಂಡದ್ದೇ ನಮ್ಮ ಮನೆಮದ್ದಿನ ರೀತಿ.

ಈ ಮದ್ದಿನಲ್ಲಿ ಪೋಲಾಗುವುದೆಂಬುದು ಇರಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ತಾಯಿಯವರು ಕಷಾಯವನ್ನು ಸೋಸಿದ ಮೇಲೆ ಉಳಿದ ಚರಟವನ್ನು ಎಸೆಯುತ್ತಿರಲಿಲ್ಲ. ಸಂಜೆ ಅದಕ್ಕೇ ಮತ್ತೆ ನೀರು ಹಾಕಿ ಕುದಿಸಿದರೆ ದೊಡ್ಡವರಿಗೆ ಎರಡನೆಯ ಸರದಿ. ಅನಂತರ ಅದು ಕರಿಬೇವಿನ ಗಿಡದ ಬುಡಕ್ಕೆ. ಹಳೆಯ ಪಂಚೆಯನ್ನು ಹರಿದು ಚೌಕವಾಗಿ ಹೊಲಿದ ಬಟ್ಟೆಗಳು ನಮ್ಮ ಕರವಸ್ತ್ರ. ಬಚ್ಚಲ ಹಂಡೆಯ ಕುದಿನೀರಿನಲ್ಲಿ ಅವನ್ನು ಬೇರೆಯಾಗಿ ಅದ್ದಿ, ಒಗೆದು, ಬಿಸಿಲಿಗೆ ಹಾಕುತ್ತಿದ್ದರು. ಖಾಲಿ ಶೀಶೆ, ಹರಿದ ಪೊಟ್ಟಣ ಯಾವುದೂ ತಿಪ್ಪೆ ಸೇರುತ್ತಿರಲಿಲ್ಲ. ಮಿತವ್ಯಯವೆಂಬ ದೊಡ್ಡ ಮಾತನ್ನು ಅವರು ಎಂದೂ ಆಡಿದ್ದಿಲ್ಲ. ಇದ್ದದ್ದರಲ್ಲಿ ಆಗಬೇಕಾಗಿತ್ತು, ಆಗುತ್ತಿತ್ತು.

ಈ ಕಷಾಯ ನಿಜವಾಗಿ ನೆಗಡಿಯನ್ನು ವಾಸಿಮಾಡುತ್ತದೆಯೇ? ಚರಿತ್ರೆ ಹೇಳುವವನು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ಇಂಗ್ಲೆಂಡಿನ ಸಾಲ್ಸ್‌ಬರಿಯ ಬಳಿ 1946ರಲ್ಲಿ ನೆಗಡಿಯ ಅಭ್ಯಾಸಕ್ಕೆಂದೇ ಒಂದು ಸಂಶೋಧನ ಕೇಂದ್ರ ಮೊದಲಾಗಿ 1990ರವರೆಗೆ ನಡೆಯಿತು. ಅಲ್ಲಿಯ ವಿಜ್ಞಾನಿಗಳು, ಕೇಳಿಕೊಂಡು ಬಂದ ಸ್ವಯಂಸೇವಕರನ್ನು ಒದ್ದೆ ಕಾಲುಚೀಲದಲ್ಲಿ ಚಳಿಗಾಳಿಗೆ ಕೂರಿಸಿ ನೋಡಿದರು. ಬರಿಯ ಚಳಿಯಿಂದ ನೆಗಡಿ ಬರಲಿಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ನೆಗಡಿಯ ವೈರಸನ್ನು ಬೇರ್ಪಡಿಸಿದರು. ಅದಕ್ಕೆ ಕೊಟ್ಟ ಹೆಸರು ರೈನೋವೈರಸ್. ಗ್ರೀಕಿನಲ್ಲಿ ರೈನೋ ಎಂದರೆ ಮೂಗು. ಇದರಲ್ಲೇ ನೂರೈವತ್ತಕ್ಕೂ ಮಿಕ್ಕಿದ ಬಗೆಗಳಿವೆಯೆಂದು ಈಗ ತಿಳಿದಿದೆ. ಬೇರೆ ಜಾತಿಯ ವೈರಸ್ಸುಗಳು ಇನ್ನೂ ಹಲವು. ಆದ್ದರಿಂದಲೇ ನೆಗಡಿಗೆ ರಾಮಬಾಣವೆಂಬುದು ಈವರೆಗೂ ಸಿಕ್ಕಿಲ್ಲ. ಪೆನಿಸಿಲಿನ್ ಮೊದಲಾದ ಜೀವಿರೋಧಕಗಳು ಬ್ಯಾಕ್ಟೀರಿಯಗಳಿಗೆ ಮದ್ದೇ ಹೊರತು ವೈರಸ್ಸಿಗಲ್ಲ. ಸಾಮಾನ್ಯ ನೆಗಡಿ ಒಂದು ವಾರ, ಹತ್ತು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ.

ಹಾಗಾದರೆ ಕಷಾಯದ ಕೆಲಸವೇನು? 2008ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದವರು ನೆಗಡಿಯಾದವರಿಗೆ ಬಿಸಿಯಾದ ಹಣ್ಣಿನ ಪಾನಕವನ್ನು ಕುಡಿಸಿ ಪರೀಕ್ಷಿಸಿದರು. ಅಳೆದು ನೋಡಿದರೆ ಮೂಗಿನ ಉಸಿರಾಟದಲ್ಲಿ ಬದಲಾವಣೆಯಿರಲಿಲ್ಲ. ಆದರೆ ಸೀನು, ಕೆಮ್ಮು, ಗಂಟಲ ನೋವು, ಆಯಾಸ ಇವುಗಳಿಂದ ಕುಡಿದವರಿಗೆ ಒಡನೆಯೇ ಉಪಶಮನ ಸಿಕ್ಕಿತು. ನಮ್ಮ ಕಷಾಯದ ಪಾಲಿಗೂ ಇಷ್ಟು ಕೀರ್ತಿ ಸಾಕು. ಅದು ವೈರಸ್ಸನ್ನು ಕೊಲ್ಲುವುದಿಲ್ಲ; ಅದು ಹೋಗುವವರೆಗೆ ರೋಗಿಯನ್ನು ಸಂತೈಸುತ್ತದೆ.

ಈ ಮಿತಿಯನ್ನು ಮರೆತಾಗಲೇ ತೊಂದರೆ. 2020ರಲ್ಲಿ ಮಹಾಮಾರಿ ಬಂದಾಗ ತುಳಸಿ, ಚಕ್ಕೆ, ಮೆಣಸು, ಶುಂಠಿಗಳ ಕಷಾಯವನ್ನು ಕೇಂದ್ರದ ಆಯುಷ್ ಸಚಿವಾಲಯವು ಶರೀರದ ಶಕ್ತಿಗಾಗಿ ದಿನಕ್ಕೆ ಒಂದೆರಡು ಸಲ ಕುಡಿಯಲು ಸೂಚಿಸಿತು. ಭಯದಲ್ಲಿದ್ದ ಜನ ಅದನ್ನೇ ಚಿಕಿತ್ಸೆಯೆಂದು ತಿಳಿದರು. ಲೋಟದ ಮೇಲೆ ಲೋಟ ಕುಡಿದು ಹೊಟ್ಟೆಯುರಿ ತಂದುಕೊಂಡವರನ್ನು ನಾನೇ ಕಂಡಿದ್ದೇನೆ. ಮನೆಮದ್ದಾದರೂ ಕೆಲವು ಎಚ್ಚರಿಕೆ ಬೇಕೇ ಬೇಕು. ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಬಾರದು; ಅದರಲ್ಲಿರಬಹುದಾದ ಸೂಕ್ಷ್ಮಜೀವಿಯ ಬೀಜಕಗಳು ಎಳೆಯ ಕರುಳಿನಲ್ಲಿ ವಿಷವನ್ನುಂಟುಮಾಡಬಲ್ಲವು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಹೊದಿಕೆ ಹೊದಿಸಿ ಕೂರಿಸಬಾರದು. ಪಾತ್ರೆ ಮಗುಚಿ ಸುಟ್ಟುಕೊಂಡ ಪ್ರಸಂಗಗಳುಂಟು. ಕರ್ಪೂರವನ್ನಾಗಲಿ ನೀಲಗಿರಿ ಎಣ್ಣೆಯನ್ನಾಗಲಿ ಹೊಟ್ಟೆಗೆ ಕೊಡಬಾರದು. ಕೂಸುಗಳ ಮೂಗಿಗೆ ಹಚ್ಚಬಾರದು. ಜ್ವರ ಮೂರು ದಿನ ದಾಟಿದರೆ, ಉಸಿರಾಡಲು ಕಷ್ಟವಾದರೆ, ಕಿವಿ ನೋವು ಕಾಣಿಸಿದರೆ, ಮಗು ಹಾಲು ಕುಡಿಯದಿದ್ದರೆ, ಕಷಾಯವನ್ನು ಪಕ್ಕಕ್ಕಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ಕಡೆಯದಾಗಿ ಒಂದು ಬಿನ್ನಹ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಉಪೇಕ್ಷೆಯನ್ನು ಚೆನ್ನಾಗಿ ಹೇಳುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವುದು ಹೊಸ ಶೋಧವೆಂದು 1995ರಲ್ಲಿ ಅಮೆರಿಕದಲ್ಲಿ ಪೇಟೆಂಟನ್ನೇ ಕೊಟ್ಟಿದ್ದರು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಳಿಯವರು ಹಳೆಯ ಗ್ರಂಥ, ಲೇಖನಗಳ ಸಾಕ್ಷ್ಯವನ್ನು ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. "ನಮ್ಮಜ್ಜಿ ಹಚ್ಚುತ್ತಿದ್ದರು" ಎಂಬ ಬಾಯಿಮಾತು ಅಲ್ಲಿ ಸಾಲುತ್ತಿರಲಿಲ್ಲ, ಬರೆದಿಟ್ಟದ್ದು ಕಾಪಾಡಿತು.

ನಮ್ಮ ಮನೆಯಲ್ಲಿ ಬರೆದಿಟ್ಟವರಿಲ್ಲ. ತಾಯಿಯವರು ಹೋದ ವರ್ಷ ಮಳೆಗಾಲದಲ್ಲಿ ನನಗೆ ನೆಗಡಿಯಾಯಿತು. ಕಷಾಯದ ಪುಡಿಗೆ ಮೆಂತ್ಯ ಹಾಕುತ್ತಿದ್ದರೆಂದು ನಾನು, ಇಲ್ಲವೇ ಇಲ್ಲವೆಂದು ನನ್ನ ಅಕ್ಕ. ಇಬ್ಬರೂ ಆ ಕೈಯಿಂದ ವರ್ಷಗಟ್ಟಲೆ ಕುಡಿದವರೇ. ಅವರ ಅಳತೆಯೆಲ್ಲ ಬೆರಳ ತುದಿಯಲ್ಲಿತ್ತು, ಬೆರಳುಗಳೊಡನೆಯೇ ಹೋಯಿತು. ಅಷ್ಟು ಗ್ರಂಥಗಳನ್ನು ಪಾಠ ಹೇಳಿದ ನಾನು, ಮನೆಯಲ್ಲಿದ್ದ ಆ ಒಂದು ಗ್ರಂಥವನ್ನು ಓದಿಟ್ಟುಕೊಳ್ಳಲಿಲ್ಲ.

ಅಕ್ಕನೂ ನಾನೂ ಕೊನೆಗೆ ಒಪ್ಪಿದ್ದು ಇಷ್ಟು: ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಮೆಣಸು ಅರ್ಧ ಪಾಲು, ಒಣಶುಂಠಿ ಅರ್ಧ ಪಾಲು, ಹದವಾಗಿ ಹುರಿದು, ತರಿಯಾಗಿ ಕುಟ್ಟಿ, ಒಂದು ಲೋಟಕ್ಕೆ ಒಂದು ಚಮಚ. ಮೆಂತ್ಯದ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ವಾಚಕರ ಮನೆಗಳಲ್ಲಿ ಕೇಳಿ ತಿಳಿದುಕೊಳ್ಳುವುದಕ್ಕೆ ಹಿರಿಯರು ಇನ್ನೂ ಇದ್ದರೆ, ಈ ಭಾನುವಾರವೇ ಒಂದು ಹಾಳೆ, ಒಂದು ಲೇಖನಿ ಹಿಡಿದು ಅವರ ಬಳಿ ಕುಳಿತುಕೊಳ್ಳಿರಿ.