ತಪ್ಪು ರೋಗಿಯದೇ? ಮದರಾಸು ಮತ್ತು ತುಮಕೂರಿನ ಎರಡು ಅಧ್ಯಯನಗಳು

ದೀರ್ಘಕಾಲದ ಕಾಯಿಲೆಯ ಚಿಕಿತ್ಸೆ ವಿಫಲವಾದಾಗ ಬೆರಳು ಮೊದಲು ತಿರುಗುವುದು ರೋಗಿಯತ್ತ. ಪಥ್ಯ ಮಾಡಲಿಲ್ಲ, ಮಾತ್ರೆ ನಿಲ್ಲಿಸಿದ, ಹೇಳಿದ ದಿನ ಬರಲಿಲ್ಲ ಎಂಬ ದೂರುಗಳು ಇಂದಿನ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಕಾಲದಲ್ಲಿ ಹುಟ್ಟಿದವಲ್ಲ. ರೋಗಿಯ ನಡವಳಿಕೆಯನ್ನೇ ಅಧ್ಯಯನದ ವಸ್ತುವಾಗಿಸಿ, ಈ ದೂರಿನಲ್ಲಿ ಹುರುಳೆಷ್ಟು ಎಂದು ಅಳೆದು ನೋಡಿದ ಎರಡು ಪ್ರಯತ್ನಗಳು ನಮ್ಮ ದಕ್ಷಿಣದಲ್ಲೇ ನಡೆದವು: ಒಂದು ಮದರಾಸಿನಲ್ಲಿ, ಇನ್ನೊಂದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಎರಡೂ ಕ್ಷಯರೋಗವನ್ನು ಕುರಿತವು.

ಕಳೆದ ಶತಮಾನದ ನಡುಭಾಗದವರೆಗೆ ಕ್ಷಯದ ಚಿಕಿತ್ಸೆಯೆಂದರೆ ಸ್ಯಾನಟೋರಿಯಂ: ಶುದ್ಧ ಗಾಳಿ, ಪುಷ್ಟಿಕರ ಆಹಾರ, ತಿಂಗಳುಗಟ್ಟಲೆ ವಿಶ್ರಾಂತಿ. ಚೆನ್ನೈನ ಲೋಕಲ್ ರೈಲಿನಲ್ಲಿ ಓಡಾಡುವವರಿಗೆ 'ತಾಂಬರಂ ಸ್ಯಾನಟೋರಿಯಂ' ಎಂಬ ನಿಲ್ದಾಣದ ಹೆಸರು ಆ ಯುಗದ ಕುರುಹಾಗಿ ಇಂದೂ ಎದುರಾಗುತ್ತದೆ. 1952ರಲ್ಲಿ ಐಸೋನಿಯಜಿಡ್ ಬಳಕೆಗೆ ಬಂದ ಮೇಲೆ ಅಗ್ಗದ ಮಾತ್ರೆಯೊಂದು ಕೈಗೆ ಸಿಕ್ಕಿತು. ಆದರೆ 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು, ಈ ರೋಗ ನಗರಗಳಷ್ಟೇ ಹಳ್ಳಿಗಳಲ್ಲೂ ಹರಡಿದೆಯೆಂದು ತೋರಿಸಿತು. ಅಷ್ಟು ಜನರಿಗೆ ಹಾಸಿಗೆ ಒದಗಿಸುವುದು ಅಸಾಧ್ಯವಾಗಿತ್ತು. ಮನೆಯಲ್ಲೇ ಚಿಕಿತ್ಸೆ ಕೊಡಬಹುದೇ ಎಂಬ ಪ್ರಶ್ನೆಗೆ ಎರಡು ಆಕ್ಷೇಪಗಳಿದ್ದವು: ಕೆಮ್ಮು ಇಳಿದೊಡನೆ ಬಡರೋಗಿ ಔಷಧ ಬಿಡುತ್ತಾನೆ, ಮನೆಮಂದಿಗೆಲ್ಲ ರೋಗ ಅಂಟಿಸುತ್ತಾನೆ.

1956ರಲ್ಲಿ ಚೇತ್‌ಪೇಟೆಯಲ್ಲಿ ಸ್ಥಾಪನೆಯಾದ ಸಂಶೋಧನಾ ಕೇಂದ್ರವು ಬ್ರಿಟಿಷ್ ವೈದ್ಯ ವ್ಯಾಲೇಸ್ ಫಾಕ್ಸ್ ಅವರ ನೇತೃತ್ವದಲ್ಲಿ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿತು. ನಗರದ 193 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದನ್ನು ಸ್ಯಾನಟೋರಿಯಂಗೆ ಸೇರಿಸಿ, ಇನ್ನೊಂದನ್ನು ಮನೆಯಲ್ಲೇ ಉಳಿಸಿ, ಇಬ್ಬರಿಗೂ ಒಂದು ವರ್ಷ ಒಂದೇ ಔಷಧ ಕೊಡಲಾಯಿತು. ಮನೆಯಲ್ಲಿದ್ದವರ ಊಟ ಸಾಧಾರಣ, ವಾಸ ಇಕ್ಕಟ್ಟಿನದು, ವಿಶ್ರಾಂತಿಯೂ ಕಡಿಮೆ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ಕೊನೆಗೆ ಮನೆಯ ಗುಂಪಿನಲ್ಲಿ ಶೇ. 86, ಸ್ಯಾನಟೋರಿಯಂ ಗುಂಪಿನಲ್ಲಿ ಶೇ. 92 ಮಂದಿಯ ರೋಗ ಶಮನವಾಗಿತ್ತು. ಮನೆಮಂದಿಗೆ ಸೋಂಕಿನ ಅಪಾಯವೂ ಹೆಚ್ಚಲಿಲ್ಲ. ಸ್ಯಾನಟೋರಿಯಂ ಯುಗ ಮುಗಿಯಲು ಈ ವರದಿ ಒಂದು ಮುಖ್ಯ ಕಾರಣವಾಯಿತು.

ಹಾಗೆಂದು ಮದರಾಸಿನ ಸಂಶೋಧಕರು ರೋಗಿಯನ್ನು ಕಣ್ಣುಮುಚ್ಚಿ ನಂಬಿದವರಲ್ಲ. ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು. ಮೂತ್ರದಲ್ಲಿ ಔಷಧದ ಅಂಶವಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಔಷಧ ತಪ್ಪಿಸುವವರಿದ್ದಾರೆಂಬುದು ಅವರಿಗೆ ಗೊತ್ತಾಗಿತ್ತು. ಆದ್ದರಿಂದಲೇ ವಾರಕ್ಕೆ ಎರಡು ಬಾರಿ ಸಿಬ್ಬಂದಿಯ ಎದುರಿಗೇ ಔಷಧ ಕೊಡುವ ಕ್ರಮವನ್ನೂ ಅವರು ಪರೀಕ್ಷಿಸಿದರು. 1990ರ ದಶಕದಲ್ಲಿ ಜಗತ್ತಿನಾದ್ಯಂತ ಹರಡಿದ 'ಡಾಟ್ಸ್' ಪದ್ಧತಿಯ ಬೇರುಗಳಲ್ಲಿ ಇದೂ ಒಂದು.

ಎರಡನೆಯ ಅಧ್ಯಯನ ನಡೆಸಿದ್ದು 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಮದರಾಸಿನವರು ಚಿಕಿತ್ಸೆಗೆ ಬಂದವರ ನಡವಳಿಕೆ ಅಳೆದರೆ, ಇಲ್ಲಿಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಇನ್ನೂ ಹಿಂದಕ್ಕೆ ಹೋದರು. ಹಳ್ಳಿಯ ರೋಗಿಗೆ ತನ್ನ ರೋಗದ ಅರಿವೇ ಇಲ್ಲ, ತಿಳಿವಳಿಕೆ ಕೊಡದೆ ಅವನು ಆಸ್ಪತ್ರೆಗೆ ಬಾರನು ಎಂಬುದು ಆಗಿನ ಸಾಮಾನ್ಯ ನಂಬಿಕೆ. ಇವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆಯಿಂದ ಪತ್ತೆಯಾದ ರೋಗಿಗಳನ್ನು ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಉತ್ತರ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ಕ್ರಿಮಿ ಕಂಡವರಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು; ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಕಫ ಪರೀಕ್ಷಿಸಿದವರಿಲ್ಲ.

ತುಮಕೂರಿನ ಈ ಕಾಣ್ಕೆ ಕಪಾಟಿನಲ್ಲಿ ಉಳಿಯಲಿಲ್ಲ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು, ಕೆಮ್ಮೆಂದು ತಾನಾಗಿ ಬಂದವನ ಕಫವನ್ನು ಊರಿನ ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಪರೀಕ್ಷಿಸುವ ತತ್ತ್ವದ ಮೇಲೆ ನಿಂತಿತು. ಬ್ಯಾನರ್ಜಿಯವರು ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಕೇಂದ್ರವನ್ನು ಕಟ್ಟಿದರು. ಬೆಂಗಳೂರಿನ ಸಂಸ್ಥೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ದುಡಿದಿದ್ದ ಹಾಫ್ಡನ್ ಮಾಹ್ಲರ್ 1973ರಲ್ಲಿ ಆ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಅಲ್ಮಾ-ಅಟಾ ಘೋಷಣೆ ಅವರ ಅವಧಿಯದು.

ಈ ಎರಡು ಅಧ್ಯಯನಗಳನ್ನು ಜೊತೆಯಾಗಿ ಓದಬೇಕು. ಮದರಾಸು ರೋಗಿ ಔಷಧ ನುಂಗಿದನೇ ಎಂದು ಕೇಳಿತು. ತುಮಕೂರು ಆಸ್ಪತ್ರೆ ತನ್ನ ಕೆಲಸ ಮಾಡಿತೇ ಎಂದು ಕೇಳುವಂತೆ ಮಾಡಿತು. ಮೊದಲ ಪ್ರಶ್ನೆಯನ್ನು ಜಗತ್ತು ಬೇಗ ಕಲಿತುಕೊಂಡಿತು, ಎರಡನೆಯದನ್ನು ಅಷ್ಟಾಗಿ ಕಲಿಯಲಿಲ್ಲ. ಸಕ್ಕರೆ ಕಾಯಿಲೆಯವನು ಜೀವಮಾನವಿಡೀ ಮಾತ್ರೆ ನುಂಗಬೇಕು. ಅವನು ನಡುವೆ ನಿಲ್ಲಿಸಿದರೆ, ಕೇಂದ್ರದಲ್ಲಿ ಮಾತ್ರೆ ಇತ್ತೇ, ಅಲ್ಲಿಗೆ ಬರಲು ಅವನು ಎಷ್ಟು ದಿನದ ಕೂಲಿ ಕಳೆದುಕೊಂಡ ಎಂಬುದನ್ನು ವಿಚಾರಿಸಿದ ಮೇಲೆಯೇ ಅವನ ನಡವಳಿಕೆಯ ಮಾತು ಎತ್ತುವುದು ನ್ಯಾಯ.