ಒಂದು ದಿನದ ಸತ್ಯಾಗ್ರಹ, ಆರು ತಿಂಗಳ ಸಿದ್ಧತೆ

ಅನ್ಯಾಯವನ್ನು ಕಂಡಾಗ ಕೋಪಗೊಳ್ಳುವುದು ಮನುಷ್ಯ ಸಹಜವಾದ ಗುಣ. ಆ ಕೋಪವನ್ನು ಹತೋಟಿಯಲ್ಲಿಟ್ಟುಕೊಂಡು, ಯಾರ ಮೈಗೂ ನೋವಾಗದಂತೆ, ಅನ್ಯಾಯದ ಎದುರು ನಿಲ್ಲುವುದು ಮಾತ್ರ ಕಲಿತು ಬರಬೇಕಾದ ವಿದ್ಯೆ. ಇತಿಹಾಸವನ್ನು ಓದುವಾಗ ನಮ್ಮ ಕಣ್ಣು ಮೆರವಣಿಗೆ ಹೊರಟ ದಿನದ ಮೇಲೆ ನಿಲ್ಲುತ್ತದೆ. ಆ ದಿನಕ್ಕಾಗಿ ಜನರು ತಮ್ಮನ್ನು ತಾವು ಸಿದ್ಧಪಡಿಸಿಕೊಂಡ ತಿಂಗಳುಗಳು ನಮ್ಮ ಗಮನಕ್ಕೆ ಬರುವುದೇ ಅಪರೂಪ. ನಮ್ಮದೇ ನಾಡಿನ ಹಾನಗಲ್ ಸೀಮೆಯ ಕುಸನೂರು ಎಂಬ ಹಳ್ಳಿಯಲ್ಲಿ 1987ರಲ್ಲಿ ನಡೆದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವು ಈ ಸಿದ್ಧತೆಯ ಬೆಲೆಯನ್ನು ತಿಳಿಯಲು ಒಳ್ಳೆಯ ಪಾಠವಾಗಿದೆ.

ಕಥೆ ನದಿಯಿಂದ ಆರಂಭವಾಗುತ್ತದೆ. ತುಂಗಭದ್ರೆಯ ದಂಡೆಯ ಮೇಲೆ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆಯಿದೆ. ನೀಲಗಿರಿ ಮರದ ತಿರುಳಿನಿಂದ ರೇಯಾನ್ ನೂಲಿಗೆ ಬೇಕಾದ ಕಚ್ಚಾವಸ್ತುವನ್ನು ತಯಾರಿಸುವುದು ಅದರ ಕೆಲಸ. ಕಾರ್ಖಾನೆಯ ಹೊಲಸು ನದಿಗೆ ಸೇರಿ ಮೀನುಗಳು ಸಾಯುತ್ತಿವೆ, ಕೆಳಗಿನ ಹಳ್ಳಿಗಳ ಜನ ಹಾಗೂ ದನಕರುಗಳ ಆರೋಗ್ಯ ಕೆಡುತ್ತಿದೆ ಎಂಬ ದೂರು ಎದ್ದಿತು. ಎಸ್.ಆರ್. ಹಿರೇಮಠರು ಮುಂದೆ ನಿಂತು ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆಯು ಆ ದೂರನ್ನು ಕೈಗೆತ್ತಿಕೊಂಡಿತು. 1984ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕಾರ್ಖಾನೆಯ ಎದುರು ದೊಡ್ಡ ಪ್ರತಿಭಟನೆ ನಡೆಯಿತು. ಮರುವರ್ಷ ವಿಷಯವು ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

ನದಿಯ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ನೆಲದ ಪ್ರಶ್ನೆ ಎದುರಾಯಿತು. 1984ರ ನವೆಂಬರ್ 14ರಂದು ಕರ್ನಾಟಕ ಸರಕಾರವು ಇದೇ ಕಾರ್ಖಾನೆಯೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಅದರಂತೆ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಹೊಸ ಕಂಪನಿ ಹುಟ್ಟಿತು. ಅದರಲ್ಲಿ ಸರಕಾರದ ಪಾಲು ಶೇಕಡಾ 51, ಕಾರ್ಖಾನೆಯ ಪಾಲು ಶೇಕಡಾ 49. ಬೇಗನೆ ಬೆಳೆಯುವ ನೀಲಗಿರಿಯಂಥ ಮರಗಳನ್ನು ಬೆಳೆಸಿ ಆ ಕಾರ್ಖಾನೆಗೆ ಒದಗಿಸುವುದು ಕಂಪನಿಯ ಉದ್ದೇಶ. ಅದಕ್ಕಾಗಿ ರಾಜ್ಯದ ಉತ್ತರ ಭಾಗದ ನಾಲ್ಕು ಜಿಲ್ಲೆಗಳಲ್ಲಿ ಹರಡಿದ್ದ 30,000 ಹೆಕ್ಟೇರು ಭೂಮಿಯನ್ನು ಗುರುತಿಸಲಾಯಿತು.

ಕಾಗದದ ಮೇಲೆ ಅದು ಸರಕಾರದ ಭೂಮಿಯಾಗಿತ್ತು, ಹಳ್ಳಿಯ ಬದುಕಿನಲ್ಲಿ ಮಾತ್ರ ಊರಿನ ಭೂಮಿಯಾಗಿತ್ತು. ದನಗಳನ್ನು ಮೇಯಿಸಲು ಹೋಗುತ್ತಿದ್ದುದು ಅಲ್ಲಿಗೆ, ಒಲೆಗೆ ಸೌದೆ ತರುತ್ತಿದ್ದುದು ಅಲ್ಲಿಂದ, ಹೊಲದ ಗೊಬ್ಬರಕ್ಕೆ ಸೊಪ್ಪು ಮತ್ತು ನೇಗಿಲು, ಗುಡಿಸಲುಗಳಿಗೆ ಬೇಕಾದ ಮರಮುಟ್ಟು ಸಿಗುತ್ತಿದ್ದುದೂ ಅಲ್ಲೇ. ಸ್ವಂತ ಹೊಲವಿದ್ದವರಿಗೆ ಅದೊಂದು ಆಸರೆ. ಹೊಲವಿಲ್ಲದವರಿಗೆ, ಎರಡು ಮೇಕೆ ಒಂದು ಎಮ್ಮೆಯನ್ನು ನಂಬಿದ ವಿಧವೆಗೆ, ಅದೇ ಜೀವನಾಧಾರ. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಮರ ಬೆಳೆದು ನಿಂತರೂ ಅದು ಹೋಗುವುದು ಕಾರ್ಖಾನೆಗೆ. ಆದ್ದರಿಂದ ಆ ಗುಡ್ಡ ಹಸಿರಾಗಿ ಕಂಡರೂ ಊರಿನ ಪಾಲಿಗೆ ಬರಡಾದಂತೆಯೇ ಆಗುತ್ತಿತ್ತು.

ನೀರು, ಹುಲ್ಲು ಮತ್ತು ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ಮದ್ರಸಾದ ಪಾಠಗಳಲ್ಲಿ ಓದಿದ್ದೇವೆ. ಇಲ್ಲಿ ಬೆಂಕಿಯೆಂದರೆ ಉರುವಲು ಎಂದು ವಿವರಿಸಿದ ವಿದ್ವಾಂಸರೂ ಇದ್ದಾರೆ. ತುಂಗಭದ್ರೆಯ ನೀರು, ಗುಡ್ಡದ ಹುಲ್ಲು, ಒಲೆಯ ಸೌದೆ: ಆ ಸೀಮೆಯ ಜನರು ಕಳೆದುಕೊಳ್ಳುತ್ತಿದ್ದುದು ಇದೇ ಮೂರನ್ನು. ಹಾಗಾಗಿ ಈ ಕಥೆಯು ನಮಗೆ ದೂರದ್ದೆನಿಸುವುದಿಲ್ಲ.

ಆಗ ರೊಚ್ಚಿಗೇಳಲು ಕಾರಣಗಳ ಕೊರತೆಯಿರಲಿಲ್ಲ. ಮಾದರಿಗಳ ಕೊರತೆಯೂ ಇರಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ನಡೆದು ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ ಮತ್ತು ಮಾವಿನ ಬೀಜಗಳನ್ನು ಊರಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನರು ಕಳಸೆ ಕಾಡಿಗೆ ಹೋಗಿ, ಕೊಡಲಿಗೆ ಸಿದ್ಧವಾಗಿದ್ದ ಮರಗಳನ್ನು ತಬ್ಬಿ ನಿಂತಿದ್ದರು. ಹಿಮಾಲಯದ ಗಢವಾಲದಲ್ಲಿ ಎಪ್ಪತ್ತರ ದಶಕದಲ್ಲಿ ಹಬ್ಬಿದ ಚಿಪ್ಕೊ ಚಳವಳಿಯ ಕನ್ನಡ ರೂಪವಾದ ಅದಕ್ಕೆ ಅಪ್ಪಿಕೊ ಎಂಬ ಹೆಸರು ಬಂದಿತು.

ಕುಸನೂರಿನವರು ಮತ್ತು ಅವರ ಜೊತೆಗಾರರು ಮೊದಲು ಕಾನೂನಿನ ದಾರಿಯನ್ನು ಹಿಡಿದರು. 1986ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಈ ಭೂಹಸ್ತಾಂತರದಿಂದ ನೇರವಾಗಿ ತೊಂದರೆಗೆ ಒಳಗಾಗುವ ಐದು ಲಕ್ಷ ಹಳ್ಳಿಗರ ಪರವಾಗಿ ಆ ಅರ್ಜಿ ಮಾತನಾಡಿತ್ತು. ಅರ್ಜಿದಾರರಲ್ಲಿ ಮೊದಲ ಹೆಸರು ಕೋಟ ಶಿವರಾಮ ಕಾರಂತರದು. ಜ್ಞಾನಪೀಠ ಪ್ರಶಸ್ತಿ ಪಡೆದ, ಎಂಬತ್ತು ದಾಟಿದ ಸಾಹಿತಿಯೊಬ್ಬರು ತಮ್ಮ ಹೆಸರನ್ನು ಹುಲ್ಲುಗಾವಲಿನ ಪರವಾಗಿ ನ್ಯಾಯಾಲಯದ ಮುಂದಿಟ್ಟರು. 1987ರ ಮಾರ್ಚಿನಲ್ಲಿ ನ್ಯಾಯಾಲಯವು ತಡೆಯಾಜ್ಞೆ ನೀಡಿ, ಕಂಪನಿಗೆ ಹೆಚ್ಚಿನ ಭೂಮಿ ಹೋಗದಂತೆ ತಡೆಯಿತು.

ಇಷ್ಟಕ್ಕೆ ತೃಪ್ತರಾಗಿ ಮನೆಗೆ ಮರಳಬಹುದಿತ್ತು. ಆದರೆ ಕುಸನೂರಿನಲ್ಲಿ ಅಷ್ಟರೊಳಗೆ ಸುಮಾರು 400 ಹೆಕ್ಟೇರು ಕಂಪನಿಯ ಕೈ ಸೇರಿತ್ತು. ಜನರು ತಾವೇ ಎದ್ದು ನಿಲ್ಲದೆ ಕೇವಲ ವಕೀಲರ ವಾದದಿಂದ ಊರಿನ ನೆಲ ಉಳಿಯದು ಎಂಬುದು ಸಂಘಟಕರಿಗೆ ತಿಳಿದಿತ್ತು. ತರಬೇತಿಯಿಲ್ಲದ ಗುಂಪು ಎದ್ದು ನಿಂತರೆ ಏನಾಗಬಹುದೆಂಬುದೂ ಅವರಿಗೆ ತಿಳಿದಿತ್ತು. ಆದ್ದರಿಂದ 1987ರ ಮೇ ತಿಂಗಳಲ್ಲಿ ಅವರು ಕುಸನೂರಿನಲ್ಲೇ ಅಹಿಂಸೆಯ ತರಬೇತಿ ಶಿಬಿರವನ್ನು ನಡೆಸಿದರು. ಹಳ್ಳಿಗರದ್ದೇ ಆದ ಗುಡ್ಡನಾಡು ಅಭಿವೃದ್ಧಿ ಸಮಿತಿ ರೂಪುಗೊಂಡಿತು. ನಂತರದ ತಿಂಗಳುಗಳಲ್ಲಿ ಕುಸನೂರು ಮತ್ತು ಸುತ್ತಮುತ್ತಲಿನ ಹಳ್ಳಿಗಳಲ್ಲಿ ಸಭೆಯ ಮೇಲೆ ಸಭೆ ನಡೆಯಿತು. ಸತ್ಯಾಗ್ರಹಕ್ಕೆ ಆರಿಸಿಕೊಂಡ ದಿನ ನವೆಂಬರ್ 14, ಅಂದರೆ ಒಪ್ಪಂದಕ್ಕೆ ಮೂರು ವರ್ಷ ತುಂಬುವ ದಿನ. ಶಿಬಿರಕ್ಕೂ ಆ ದಿನಕ್ಕೂ ನಡುವೆ ಆರು ತಿಂಗಳ ಅಂತರವಿತ್ತು.

ಅಹಿಂಸೆಗೆ ತರಬೇತಿ ಏಕೆ ಬೇಕು ಎಂದು ಕೆಲವರು ಕೇಳಬಹುದು. ಕೈಕಟ್ಟಿ ಸುಮ್ಮನೆ ನಿಲ್ಲುವುದಕ್ಕೆ ಕಲಿಯುವುದೇನಿದೆ? ಇತಿಹಾಸವು ಬೇರೆಯದನ್ನೇ ಹೇಳುತ್ತದೆ. 1930ರ ಮಾರ್ಚ್ 12ರಂದು ದಂಡಿಗೆ ಹೊರಟ ಗಾಂಧೀಜಿಯವರು, ಕರೆದರೆ ಸಾವಿರಾರು ಜನ ಬರುತ್ತಿದ್ದರೂ, ಆಶ್ರಮದ ಶಿಸ್ತಿನಲ್ಲಿ ಪಳಗಿದ 78 ಮಂದಿಯನ್ನಷ್ಟೇ ಜೊತೆಗೆ ಕರೆದೊಯ್ದರು. ಅವರಲ್ಲಿದ್ದ ಏಕೈಕ ಕನ್ನಡಿಗ ಮೈಲಾರ ಮಹಾದೇವ, ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಯುವಕ. ಕುಸನೂರು ಕೂಡ ಇಂದು ಅದೇ ಜಿಲ್ಲೆಯಲ್ಲಿದೆ.

ಅದೇ ಕಾಲದಲ್ಲಿ ವಾಯವ್ಯ ಗಡಿಪ್ರಾಂತದಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರು ಖುದಾಯಿ ಖಿದ್ಮತ್‌ಗಾರ್ ಸಂಘಟನೆಯನ್ನು ಕಟ್ಟಿದ್ದರು. ಸೇಡು ತೀರಿಸಿಕೊಳ್ಳುವುದನ್ನು ಮಾನವೆಂದು ಬಗೆದ ಪಠಾಣರ ನಾಡಿನಲ್ಲಿ, ಸೇಡನ್ನೂ ಹಿಂಸೆಯನ್ನೂ ತ್ಯಜಿಸುವ ಪ್ರಮಾಣ ಮಾಡಿದವನಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. ದಿನಕ್ಕೆ ಕನಿಷ್ಠ ಎರಡು ಗಂಟೆ ಸಮಾಜಸೇವೆಗೆ ಮೀಸಲಿಡಬೇಕೆಂಬ ನಿಯಮವೂ ಇತ್ತು. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ನಿರಾಯುಧ ಜನರ ಮೇಲೆ ಬ್ರಿಟಿಷರ ಗುಂಡುಗಳು ಹಾರಿದವು. ಆ ದಿನದ ಸಹನೆ ಇಂದಿಗೂ ನೆನಪಿನಲ್ಲಿ ಉಳಿದಿದೆ. ಮುಷ್ಟಿಗೆ ಮುಷ್ಟಿ ಎತ್ತುವುದೇ ವಾಡಿಕೆಯಾಗಿದ್ದ ಜನರಲ್ಲಿ ಅಂಥ ಸಹನೆಯು ದೀರ್ಘ ಅಭ್ಯಾಸವಿಲ್ಲದೆ ಬರುವಂಥದ್ದಲ್ಲ.

ಈ ಅಭ್ಯಾಸದ ಸ್ವರೂಪ ಹೇಗಿರುತ್ತದೆಂದು ತಿಳಿಯಲು ಅಮೆರಿಕದ ಒಂದು ಉದಾಹರಣೆ ಸಾಕು. ಜೇಮ್ಸ್ ಲಾಸನ್ ಎಂಬ ಪಾದ್ರಿ ಐವತ್ತರ ದಶಕದಲ್ಲಿ ನಾಗಪುರದಲ್ಲಿದ್ದು ಸತ್ಯಾಗ್ರಹದ ಕ್ರಮವನ್ನು ಅರಿತವರು. ಸ್ವದೇಶಕ್ಕೆ ಮರಳಿದ ಮೇಲೆ 1959ರಲ್ಲಿ ನ್ಯಾಶ್‌ವಿಲ್ ನಗರದ ಕಪ್ಪು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳಿದರು. ಅಲ್ಲಿ ಕೆಲವರು ಕುರ್ಚಿಯ ಮೇಲೆ ಕೂರುತ್ತಿದ್ದರು. ಅವರ ಗೆಳೆಯರೇ ಎದುರಾಳಿಗಳ ಪಾತ್ರ ವಹಿಸಿ ಬೈಯುತ್ತಿದ್ದರು, ತಳ್ಳುತ್ತಿದ್ದರು. ಕೂತವರು ತಿರುಗಿ ಬೈಯದೆ, ಕೈ ಎತ್ತದೆ, ಜಾಗ ಬಿಟ್ಟು ಓಡದೆ ಇರುವುದನ್ನು ಮತ್ತೆ ಮತ್ತೆ ರೂಢಿಸಿಕೊಂಡರು. 1960ರಲ್ಲಿ ಬಿಳಿಯರಿಗೆ ಮೀಸಲಾಗಿದ್ದ ಹೋಟೆಲುಗಳಲ್ಲಿ ಅವರು ಹೋಗಿ ಕುಳಿತಾಗ ನಿಜವಾದ ಬೈಗುಳಗಳೂ ಹೊಡೆತಗಳೂ ಬಿದ್ದವು. ಅವರು ಅಲುಗಲಿಲ್ಲ. ಕೆಲವೇ ತಿಂಗಳುಗಳಲ್ಲಿ ಆ ಹೋಟೆಲುಗಳು ಅವರಿಗೆ ತೆರೆದುಕೊಂಡವು. ಬೈಗುಳದ ಎದುರು ಮೌನವಾಗಿರುವುದು ಆ ಕ್ಷಣದಲ್ಲಿ ತಾನಾಗಿ ಬರುವ ಗುಣವಲ್ಲ, ಮೊದಲೇ ರೂಢಿಸಿಕೊಂಡಿರಬೇಕಾದ ಗುಣ ಎಂಬುದನ್ನು ಆ ವಿದ್ಯಾರ್ಥಿಗಳು ತೋರಿಸಿಕೊಟ್ಟರು.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕುಸನೂರಿನ ಆ ದಿನಕ್ಕೆ ಬರೋಣ. 1987ರ ನವೆಂಬರ್ 14ರಂದು ಸುಮಾರು ಎರಡು ಸಾವಿರ ಜನ ಅಲ್ಲಿ ಸೇರಿದರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಅವರು ನೇರವಾಗಿ ಗುಡ್ಡಕ್ಕೆ ನುಗ್ಗಲಿಲ್ಲ. ಮೊದಲು ಶಾಲೆಯ ಅಂಗಳದಲ್ಲಿ ನಿಂತು ಅಹಿಂಸೆಯ ಪ್ರಮಾಣ ಸ್ವೀಕರಿಸಿದರು. ಬಳಿಕ ಡೊಳ್ಳು ಬಾರಿಸುವವರನ್ನು ಮುಂದಿಟ್ಟುಕೊಂಡು, ಫಲಕಗಳನ್ನು ಹಿಡಿದು, ಘೋಷಣೆ ಕೂಗುತ್ತ ವಿವಾದದ ಭೂಮಿಗೆ ನಡೆದರು. ಅಲ್ಲಿ ನೂರು ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಜಾಗದಲ್ಲಿ ಊರಿಗೆ ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ನೆಟ್ಟರು. ಚದುರುವ ಮುನ್ನ, ನೆಟ್ಟ ಗಿಡಗಳಿಗೆ ನೀರೆರೆದು ಕಾಪಾಡುತ್ತೇವೆಂದು ಇನ್ನೊಂದು ಪ್ರಮಾಣ ಮಾಡಿದರು.

ಆ ನೂರು ಎಂಬ ಸಂಖ್ಯೆಯ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ನಾನೂರು ಹೆಕ್ಟೇರಿನ ತೋಪಿನೆದುರು ಎರಡು ಸಾವಿರ ಜನ. ಅವರು ಮನಸ್ಸು ಮಾಡಿದ್ದರೆ ಸಂಜೆಯೊಳಗೆ ಗುಡ್ಡದ ಇಡೀ ಒಂದು ಪಾರ್ಶ್ವವನ್ನೇ ಬೋಳು ಮಾಡಬಹುದಿತ್ತು. ಇಪ್ಪತ್ತು ಜನರಿಗೆ ಒಂದು ಸಸಿಯಂತೆ ಕಿತ್ತು ಅವರು ಕೈ ನಿಲ್ಲಿಸಿದರು. ಹೀಗೆ ನಿಲ್ಲಿಸಬಲ್ಲ ಕೈಯೇ ಆರು ತಿಂಗಳ ಸಿದ್ಧತೆಯ ಫಲವೆಂದು ನಾವು ಭಾವಿಸುತ್ತೇವೆ. ತಮ್ಮ ಮಾತನ್ನು ಹೇಳಲು ಎಷ್ಟು ಬೇಕೋ ಅಷ್ಟನ್ನೇ ಅವರು ಮಾಡಿದರು. ಆ ಮೇರೆಯನ್ನು ದಾಟಿದ್ದರೆ ಸುದ್ದಿಯು ಊರಿನ ನೆಲದ್ದಾಗುತ್ತಿರಲಿಲ್ಲ, ಜನರ ದಾಂಧಲೆಯದ್ದಾಗುತ್ತಿತ್ತು.

ಹೆಸರಿನಲ್ಲಿಯೂ ಒಂದು ಸ್ವಾರಸ್ಯವಿದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಹಚ್ಚುವುದು’ ಎಂದರೆ ಗಿಡ ನೆಡುವುದು. ಅದೇ ಮಾತಿನಿಂದ ದೀಪವನ್ನೂ ಹಚ್ಚುತ್ತಾರೆ, ಗಾಯಕ್ಕೆ ಮದ್ದನ್ನೂ ಹಚ್ಚುತ್ತಾರೆ. ಚಳವಳಿಗೆ ‘ಕಿತ್ತಿಕೊ’ ಎಂದಷ್ಟೇ ಹೆಸರಿಟ್ಟಿದ್ದರೆ ಅದು ಬರೀ ನಾಶದ ಕರೆಯಾಗುತ್ತಿತ್ತು. ಕೀಳುವುದರ ಬೆನ್ನಿಗೇ ಹಚ್ಚುವುದನ್ನು ಕಟ್ಟಿದ್ದರಿಂದ, ತಮಗೆ ಏನು ಬೇಡ ಎಂಬುದರ ಜೊತೆಗೆ ಏನು ಬೇಕು ಎಂಬುದನ್ನೂ ಜನರು ಸ್ಪಷ್ಟವಾಗಿ ಹೇಳಿದಂತಾಯಿತು.

ಒಂದು ದಿನದಿಂದ ಎಲ್ಲವೂ ಬದಲಾಗಲಿಲ್ಲ. 1988ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ತನ್ನ ತಡೆಯಾಜ್ಞೆಯನ್ನು ಭಾಗಶಃ ತೆರವುಗೊಳಿಸಿ, ಮತ್ತೆ 3,000 ಹೆಕ್ಟೇರು ಭೂಮಿ ಕಂಪನಿಗೆ ಹೋಗಲು ಅವಕಾಶ ನೀಡಿತು. ಗೆದ್ದೆವೆಂದುಕೊಂಡವರ ಎದೆ ಒಡೆಯಬಹುದಾದ ಗಳಿಗೆ ಅದು. ಆಗಲೂ ಅವರು ಹಿಂತಿರುಗಿದ್ದು ಶಿಬಿರಕ್ಕೆ. ಹಳ್ಳಿಗಳಲ್ಲಿ ಮತ್ತೆ ತರಬೇತಿ ಆರಂಭವಾಯಿತು, ಆಗಸ್ಟಿನಲ್ಲಿ ಇನ್ನೊಂದು ಕಿತ್ತಿಕೊ-ಹಚ್ಚಿಕೊಗೆ ದಿನ ಗೊತ್ತಾಯಿತು. ಪತ್ರಿಕೆಗಳೂ ಈ ಪ್ರಶ್ನೆಯನ್ನು ಬಿಡದೆ ಎತ್ತಿದವು. ಸತ್ಯಾಗ್ರಹ ನಡೆಯುವ ಮುನ್ನವೇ, ಕೆಲಸ ನಿಲ್ಲಿಸುವಂತೆ ಸರಕಾರ ಕಂಪನಿಗೆ ಸೂಚಿಸಿತು. ಮುಂದೆ ಕಂಪನಿಯನ್ನೇ ವಿಧಿವತ್ತಾಗಿ ಮುಚ್ಚಲಾಯಿತು. ಎರಡನೆಯ ಸತ್ಯಾಗ್ರಹಕ್ಕೆ ಸಸಿ ಕೀಳುವ ಅಗತ್ಯವೇ ಬೀಳಲಿಲ್ಲ. ಮೊದಲ ಸಲ ತೋರಿದ ಶಿಸ್ತು ಎರಡನೆಯ ಸಲ ಕೇವಲ ಸಿದ್ಧತೆಯ ಸುದ್ದಿಗೇ ತೂಕ ತಂದುಕೊಟ್ಟಿತ್ತು.

ಇಂದು ನಮ್ಮ ಊರುಗಳಲ್ಲಿಯೂ ಕೆರೆಗಳು ಒತ್ತುವರಿಯಾಗುತ್ತಿವೆ, ಹಳ್ಳಗಳಿಗೆ ಹೊಲಸು ಹರಿಯುತ್ತಿದೆ, ಗೋಮಾಳಗಳು ಒಂದೊಂದಾಗಿ ಕರಗುತ್ತಿವೆ. ಮೊಬೈಲಿನಲ್ಲಿ ಬಂದ ಒಂದು ಕರೆಗೆ ಓಗೊಟ್ಟು ಯುವಕರು ಬೀದಿಗಿಳಿಯುತ್ತಾರೆ. ಅವರ ನ್ಯಾಯಪ್ರಜ್ಞೆ ಮೆಚ್ಚುವಂಥದ್ದೇ. ಆದರೆ ಯಾರೋ ಎಸೆದ ಒಂದು ಕಲ್ಲು ನೂರು ಜನರ ನ್ಯಾಯವಾದ ಮಾತನ್ನು ಹೂತುಹಾಕುತ್ತದೆ. ಆಮೇಲೆ ಠಾಣೆಗೂ ಕೋರ್ಟಿಗೂ ಅಲೆಯುವುದು ಬಡ ತಾಯಿ ತಂದೆಯರ ಪಾಲಿಗೆ ಉಳಿಯುತ್ತದೆ. ಮಕ್ಕಳು ಹೊಸ್ತಿಲು ದಾಟುವ ಮುನ್ನ ಮನೆಯ ಹಿರಿಯರು ಕೆಲವು ಪ್ರಶ್ನೆಗಳನ್ನು ಕೇಳಬೇಕೆಂಬುದು ನಮ್ಮ ವಿನಂತಿ. ಕಾಗದಪತ್ರಗಳನ್ನು ಓದಿದ್ದೀರಾ? ಕಾನೂನಿನ ದಾರಿಯನ್ನು ಹಿಡಿದು ನೋಡಿದ್ದೀರಾ? ಯಾರಾದರೂ ಬೈದರೆ, ತಳ್ಳಿದರೆ ಏನು ಮಾಡುವುದೆಂದು ಕೂಡಿ ಕುಳಿತು ಮಾತಾಡಿದ್ದೀರಾ? ಎಲ್ಲಿ ಕೈ ನಿಲ್ಲಿಸಬೇಕೆಂದು ನಿಶ್ಚಯಿಸಿದ್ದೀರಾ? ನಾಳೆ ನೀರೆರೆಯುವವರು ಯಾರು?

ಕುಸನೂರಿನ ಜನರು ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು ಹೊರಟರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಮಕ್ಕಳಿಗೆ ನಾಡಿನ ಇತಿಹಾಸ ಹೇಳಿಕೊಡುವಾಗ ಅರಸರ ಯುದ್ಧಗಳ ಜೊತೆಗೆ, ಸಸಿ ಕೀಳುವ ಮೊದಲು ಶಾಲೆಯ ಅಂಗಳದಲ್ಲಿ ನಿಂತು ಪ್ರಮಾಣ ಮಾಡಿದ ಈ ರೈತರ ಮತ್ತು ಕೂಲಿಕಾರ್ಮಿಕರ ಕಥೆಯನ್ನೂ ನಾವು ಹೇಳೋಣ.